ಚೀಟಿಯಿಲ್ಲದ ಮದ್ದು

ಮೊಂಟಾನಾದ ಒಂದು ಸಣ್ಣ ಊರಿನ ಔಷಧದಂಗಡಿಯಲ್ಲಿ
ಮೂವತ್ತೆಂಟು ವರ್ಷ ಮದ್ದು ಕಟ್ಟಿಕೊಟ್ಟವಳು ಅರ್ಡಿಸ್ ಕ್ರೋಗ್.
ಈಗಲೂ ಕಟ್ಟುತ್ತಾಳೆ, ಹಿತ್ತಲ ಗ್ಯಾರೇಜಿನಲ್ಲಿ,
ಬೇರೆ ಮದ್ದು.
ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು ಅಂದೆ,
ಮೇಲಿನ ಕೋಣೆಯ ಬಾಡಿಗೆಯವನು ನಾನು.
ತಲೆಯೆತ್ತದೆ ಅಂದಳು:
"ಹಾಗಾದರೆ ನಿಮ್ಮವರು ಚೀಟಿಯನ್ನು ಎರಡು ಸಲ ಓದಬೇಕು."

ಎರಡು ಬಿಳಿ ತಟ್ಟೆ, ಎರಡು ಮದ್ದು.
ಒಂದು ಚಕ್ಕೆಚಕ್ಕೆ, ಬೂದು ಹೊಟ್ಟಿನ ಹಾಗೆ,
ನಡುವೆ ಅಲ್ಲಲ್ಲಿ, ಯಾಕೋ, ಕೆಂಪು ಚುಕ್ಕಿ.
ಇನ್ನೊಂದು ಗಸಗಸೆಗಿಂತ ಸಣ್ಣ ಗುಂಡು.
ಗುಂಡಿನದು ಅಳತೆಯ ಕೊಳವೆಯಿಂದ ನೀರಿನಂತೆ ಇಳಿಯುತ್ತದೆ,
ಪ್ರತಿ ಸಲ ಅಷ್ಟೇ, ಪ್ರತಿ ಸಲ ಅದೇ ಸರ್ ಸದ್ದು.
ಚಕ್ಕೆಯದು ಅಡ್ಡಬಿದ್ದು ಹಟ ಹಿಡಿಯುತ್ತದೆ;
ಬೆರಳಿನಿಂದ ತಟ್ಟಿ ಇಳಿಸಬೇಕು.

ತಕ್ಕಡಿಯ ತೂಕಕ್ಕೆ ಗ್ರೇನ್ ಎಂದು ಹೆಸರು,
ಯಾವ ಕಾಲದ್ದೋ ಒಂದು ಕಾಳಿನ ಭಾರ.
ಎರಡಕ್ಕೆ ಕೊಂಚ ಕಡಿಮೆ ಅಂದರೆ
ನಮ್ಮ ಅಕ್ಕಸಾಲಿಯ ಒಂದು ಗುಲಗಂಜಿ.
ಆ ಕಾಳಿನಲ್ಲೂ ಹತ್ತನೆಯ ಪಾಲಿಗೆ
ಅರ್ಡಿಸ್ ಉಸಿರು ಬಿಗಿಹಿಡಿಯುತ್ತಾಳೆ.
ಬಾಗಿಲು ತೆರೆದೆನೆಂದು ಬೈಸಿಕೊಂಡಿದ್ದೇನೆ,
ಗಾಳಿಗೂ ತೂಕವಿದೆ ಆ ಮೇಜಿನ ಮೇಲೆ.

ಶನಿವಾರ ಜಲ್ಲಿ ಗುಂಡಿಯಲ್ಲಿ ಪರೀಕ್ಷೆ.
ಜನವರಿ. ಟ್ರಕ್ಕಿನ ಬಾಗಿಲು ಹಿಮಕ್ಕೆ ಅಂಟಿತ್ತು.
ಜುಲೈಯಲ್ಲಿ ಚುರುಕಾಗಿದ್ದ ಗುಂಡುಮದ್ದು
ಚಳಿಗೆ ಸೋಮಾರಿಯಾಗಿ, ವೇಗದ ಅಂಕಿ ಮೇಲೆ ಕೆಳಗೆ.
ಚಕ್ಕೆಯದು ಕೈಗೆ ಮಸಿ, ಮೂಗಿಗೆ ಹೊಗೆ,
ಆದರೆ ಐದಕ್ಕೆ ಐದೂ ಹೇಳಿದ ಜಾಗಕ್ಕೆ.
"ನಾನು ಹೇಳಲಿಲ್ಲವಾ" ಅಂದ ಡೆಲ್ಮಾರ್ ಸ್ಟೆನ್ಸ್‌ರುಡ್,
ಗೋಧಿ ಕಣಜದ ಮುದುಕ; ಆ ಮಸಿಯ ಪಕ್ಷ
ಅವನದು ಐವತ್ತು ವರ್ಷದಿಂದ.

ಅವಳು ಬರೆದುಕೊಂಡದ್ದು ಅದನ್ನಲ್ಲ.
ಪುಸ್ತಕ ತೋರಿಸಿದಳು ಆಮೇಲೆ:
ಗುಂಡಿನದು ಒಂದು ಚಿಟಿಕೆ ಸಾಕು, ಕಾಟ್ರಿಜ್ಜಿನ ತಳದಲ್ಲೇ ಅಡಗುತ್ತದೆ.
ಮರೆತು ಎರಡು ಸಲ ಸುರಿದರೂ ಗೊತ್ತಾಗುವುದಿಲ್ಲ,
ಗೊತ್ತಾಗುವುದು ಕೈಯಲ್ಲಿ ಸಿಡಿದಾಗ.
ಚಕ್ಕೆಯದು ದಡೂತಿ. ಎರಡನೆಯ ಸಲಕ್ಕೆ
ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ.
ಕೆಳಗೆ ಒಂದು ಗೆರೆ ಎಳೆದಿದ್ದಳು:
ತಪ್ಪಿದ್ದನ್ನು ಹೇಳುವ ಮದ್ದೇ ಮದ್ದು.

ಮಾರ್ಚಿನಲ್ಲಿ ಡೆಲ್ಮಾರ್ ಒಂದು ಗಾಜಿನ ಭರಣಿ ತಂದ,
ಉಪ್ಪಿನಕಾಯಿಯದು, ತುಂಬ ಬೂದು ಚಕ್ಕೆ,
ಹೊರಗೆ ಏನೂ ಬರೆದಿಲ್ಲ.
"ಅದೇ ಇದು. ಬಣ್ಣ ನೋಡು. ಮೂಸಿ ನೋಡು."
ಅವನ ಕೈ ನಡುಗುತ್ತಿತ್ತು, ಭರಣಿಯೊಳಗೆ
ಅದೂ ಸಣ್ಣಗೆ ನಡುಗುತ್ತಿತ್ತು.
"ಚೀಟಿಯಿಲ್ಲದ್ದು ನನ್ನ ಅಂಗಡಿಯಲ್ಲಿ ಮದ್ದಲ್ಲ."
"ಐವತ್ತು ವರ್ಷ, ಅರ್ಡಿಸ್."
"ಬೇಡ ಡೆಲ್ಮಾರ್, ನಿನ್ನ ಕಣ್ಣಿಗೆ ಪೊರೆ ಬಂದಿದೆ."

ಅಷ್ಟು ಹೇಳಬಾರದಿತ್ತು.
ಅವನು ಭರಣಿ ಬಿಟ್ಟು ಹೋದ,
ಟೊಪ್ಪಿಗೆಯನ್ನೂ.
ಅವಳು ಹಿತ್ತಲ ರೂಬಾರ್ಬ್ ಪಾತಿಗೆ
ತೆಳ್ಳಗೆ ಎರಚಿದಳು, ಅಕ್ಕಿ ಆರಲು ಹಾಕಿದ ಹಾಗೆ.
ಮಣ್ಣಿಗೆ ಇದು ಗೊಬ್ಬರ ಅಂದಳು. ನಾನು ದೂರ ನಿಂತಿದ್ದೆ.
ಏನೂ ಆಗಲಿಲ್ಲ. ಸಂಜೆ ಹನಿಯಿತು.

ಮೂರು ಶನಿವಾರ ಜಲ್ಲಿ ಗುಂಡಿಗೆ ಅವನು ಬರಲಿಲ್ಲ.
ನಾಲ್ಕನೆಯದಕ್ಕೆ ಬಂದ, ಬರಿತಲೆಯಲ್ಲಿ,
ಹಾಲಿನ ಕ್ರೇಟಿನ ತುಂಬ ಭರಣಿ, ಏಳೋ ಎಂಟೋ,
ಪ್ರತಿಯೊಂದಕ್ಕೂ ಬಿಳಿ ಟೇಪು, ಸೊಟ್ಟ ಅಕ್ಷರ.
ಅವಳು ಕನ್ನಡಕ ಏರಿಸಿ ಒಂದೊಂದನ್ನೇ ಓದಿದಳು.
ಎರಡೆರಡು ಸಲ.
ಎಲ್ಲದರ ಮೇಲೂ ಒಂದೇ ಬರೆದಿತ್ತು:
ಗೊತ್ತಿಲ್ಲ.

ಟೊಪ್ಪಿಗೆ ತಂದುಕೊಟ್ಟಳು.
ಪಾತಿ ಇನ್ನೂ ಉದ್ದ ಇದೆ, ಅಂದಳು.